ರಾಶಿ ಎಷ್ಟು, ಗೆಲ್ಲುವ ಸಾಧ್ಯತೆ ಎಷ್ಟು: ಇಸ್ಪೀಟಿನ ‘ಪಾಟ್ ಆಡ್ಸ್’ ಲೆಕ್ಕ

ಯಾದಗಿರಿ: ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗದ ಠಾಣೆಗಳಲ್ಲಿ ದಾಖಲಾಗುವ ಮಟ್ಕಾ ಪ್ರಕರಣಗಳ ವರದಿಗಳನ್ನು ಓದುವವರಿಗೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಒಂದು ರೂಪಾಯಿಗೆ 80 ರೂಪಾಯಿ ಕೊಡುವುದಾಗಿ ಹೇಳಿ ಜನರಿಂದ ಹಣ ಪಡೆದು ನಂಬರ್ ಬರೆದುಕೊಳ್ಳುತ್ತಿದ್ದರು ಎಂಬುದೇ ಆ ಮಾತು. ಕೇಳುವವರ ಕಿವಿಗೆ ಬೀಳುವುದು 80 ಎಂಬ ಸಂಖ್ಯೆ ಮಾತ್ರ. ಆ 80 ರೂಪಾಯಿ ಎಷ್ಟು ಸಲಕ್ಕೊಮ್ಮೆ ಕೈಸೇರುತ್ತದೆ ಎಂಬ ಇನ್ನರ್ಧ ಪ್ರಶ್ನೆಯನ್ನು ಬಹುತೇಕರು ಕೇಳುವುದೇ ಇಲ್ಲ.

ಕೊಡಬೇಕಾದ ಬೆಲೆ ಮತ್ತು ಗೆಲ್ಲುವ ಸಾಧ್ಯತೆ, ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವ ಲೆಕ್ಕಕ್ಕೆ ಪೋಕರ್ ಆಟಗಾರರು ‘ಪಾಟ್ ಆಡ್ಸ್’ ಎನ್ನುತ್ತಾರೆ. ಎದುರಾಳಿ ಕಟ್ಟಿದ ಪಣಕ್ಕೆ ಸಮನಾಗಿ ಹಣ ಹಾಕಿ ಮುಂದುವರಿಯಬೇಕೇ, ಎಲೆ ಕೆಳಗಿಟ್ಟು ಹಿಂದೆ ಸರಿಯಬೇಕೇ ಎಂಬುದನ್ನು ಊಹೆಗೆ ಬಿಡದೆ ಅಂಕಿಯಿಂದ ತೀರ್ಮಾನಿಸುವ ವಿಧಾನವಿದು. ಇದಕ್ಕೆ ಎಂಟನೇ ತರಗತಿಯ ಶೇಕಡಾ ಲೆಕ್ಕಕ್ಕಿಂತ ಹೆಚ್ಚಿನ ಗಣಿತ ಬೇಡ. ಪೋಕರ್ ಎಂದೂ ಆಡದವರಿಗೂ ಇದು ಉಪಯುಕ್ತ. ಕಾರಣ, ಇದೇ ಅಳತೆಗೋಲನ್ನು ಮಟ್ಕಾ ಮತ್ತು ಅಂದರ್-ಬಾಹರ್‌ಗೆ ಹಿಡಿದಾಗ ಆ ಆಟಗಳ ನಿಜಸ್ವರೂಪ ಬಯಲಾಗುತ್ತದೆ.

ಏನಿದು ಪಾಟ್ ಆಡ್ಸ್?

‘ಪಾಟ್’ ಎಂದರೆ ಮಡಕೆ. ಆಟಗಾರರೆಲ್ಲ ಕಟ್ಟಿದ ಪಣ ಮೇಜಿನ ನಡುವೆ ಕೂಡಿ ಆಗುವ ರಾಶಿಗೆ ಪೋಕರ್‌ನಲ್ಲಿ ಈ ಹೆಸರಿದೆ. ಮಟ್ಕಾ ಎಂಬ ಪದದ ಅರ್ಥವೂ ಮಡಕೆಯೇ ಎಂಬುದು ಕಾಕತಾಳೀಯ.

ಎದುರಾಳಿ ಪಣ ಕಟ್ಟಿದಾಗ ಆಟಗಾರನ ಮುಂದೆ ಮೂರು ದಾರಿಗಳಿರುತ್ತವೆ. ಅಷ್ಟೇ ಹಣ ಹಾಕಿ ಆಟದಲ್ಲಿ ಉಳಿಯುವುದು ‘ಕಾಲ್’. ಇನ್ನೂ ಹೆಚ್ಚು ಹಾಕುವುದು ‘ರೇಸ್’. ಎಲೆ ಎಸೆದು ಹೊರಬರುವುದು ‘ಫೋಲ್ಡ್’. ತೀನ್ ಪತ್ತಿ ಬಲ್ಲವರಿಗೆ ಇವು ಹೊಸತಲ್ಲ. ಅಲ್ಲಿನ ‘ಚಾಲ್’ ಮತ್ತು ‘ಪ್ಯಾಕ್’ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತವೆ.

ಕಾಲ್ ಮಾಡಬೇಕೇ ಬೇಡವೇ ಎಂಬುದಕ್ಕೆ ಸೂತ್ರ ಒಂದೇ ಸಾಲಿನದು. ತಾನು ಈಗ ಹಾಕಬೇಕಾದ ಹಣವನ್ನು, ಹಾಕಿದ ಮೇಲೆ ಆಗುವ ಒಟ್ಟು ರಾಶಿಯಿಂದ ಭಾಗಿಸಬೇಕು. ಬರುವ ಶೇಕಡಾವೇ ಆ ಕಾಲ್‌ಗೆ ಬೇಕಾದ ಕನಿಷ್ಠ ಗೆಲುವಿನ ಸಾಧ್ಯತೆ. ಕೈಯಲ್ಲಿರುವ ಎಲೆಗಳ ಸಾಧ್ಯತೆ ಅದಕ್ಕಿಂತ ಹೆಚ್ಚಿದ್ದರೆ ಕಾಲ್ ಲಾಭದಾಯಕ, ಕಡಿಮೆಯಿದ್ದರೆ ನಷ್ಟ.

ಒಂದು ಕೈ, ಪೂರ್ಣ ಲೆಕ್ಕ

ಹೆಚ್ಚು ಪ್ರಚಲಿತವಾದ ‘ಟೆಕ್ಸಾಸ್ ಹೋಲ್ಡೆಮ್’ ಪೋಕರ್‌ನಲ್ಲಿ ಪ್ರತಿಯೊಬ್ಬನಿಗೆ ಎರಡು ಗುಪ್ತ ಎಲೆಗಳನ್ನು ಹಂಚಲಾಗುತ್ತದೆ. ಮೇಜಿನ ಮೇಲೆ ಮೊದಲು ಮೂರು, ನಂತರ ಒಂದು, ಕೊನೆಗೆ ಇನ್ನೊಂದು, ಹೀಗೆ ಒಟ್ಟು ಐದು ಎಲೆಗಳು ಎಲ್ಲರಿಗೂ ಕಾಣುವಂತೆ ಬೀಳುತ್ತವೆ. ಈ ಏಳರಲ್ಲಿ ಉತ್ತಮವಾದ ಐದು ಎಲೆಗಳೇ ಆಟಗಾರನ ಕೈ. ಒಂದೇ ಜಾತಿಯ ಐದು ಎಲೆಗಳಾದರೆ ಅದು ‘ಫ್ಲಷ್’. ತೀನ್ ಪತ್ತಿಯ ‘ಕಲರ್’ ಇದ್ದಂತೆ.

ಆಟಗಾರನ ಕೈಯಲ್ಲಿ ಇಸ್ಪೀಟಿನ ಎಂಟು ಮತ್ತು ಏಳು ಇವೆ ಎನ್ನೋಣ. ಮೇಜಿನ ಮೇಲೆ ಇಸ್ಪೀಟ್ ರಾಜ, ಇಸ್ಪೀಟ್ ನಾಲ್ಕು, ಆಟಿನ್ ಒಂಬತ್ತು ಮತ್ತು ಕಳಾವರ್ ಎರಡು ಬಿದ್ದಿವೆ. ಇನ್ನು ಬರಬೇಕಾದದ್ದು ಒಂದೇ ಎಲೆ. ಎದುರಾಳಿಯ ಬಳಿ ರಾಜನ ಜೋಡಿ ಇರುವಂತೆ ತೋರುತ್ತದೆ. ಆಟಗಾರ ಗೆಲ್ಲಬೇಕಾದರೆ ಕೊನೆಯ ಎಲೆ ಇಸ್ಪೀಟೇ ಆಗಬೇಕು.

ಕಟ್ಟಿನಲ್ಲಿ ಇಸ್ಪೀಟಿನ ಎಲೆಗಳು 13. ನಾಲ್ಕು ಕಣ್ಣೆದುರಿಗಿವೆ, ಉಳಿದವು 9. ಹೀಗೆ ಕೈಯನ್ನು ಗೆಲ್ಲಿಸಬಲ್ಲ ಎಲೆಗಳನ್ನು ‘ಔಟ್ಸ್’ ಎನ್ನುತ್ತಾರೆ. 52ರಲ್ಲಿ ಆರು ಎಲೆ ಕಂಡಿರುವುದರಿಂದ ಕಾಣದ ಎಲೆಗಳು 46. ಸಾಧ್ಯತೆ 46ರಲ್ಲಿ 9, ಅಂದರೆ ಶೇ 19.6. ಎದುರಾಳಿಯ ಕೈಯಲ್ಲಿ ಯಾವ ಎಲೆಗಳಿವೆ ಎಂಬುದು ಆಟಗಾರನಿಗೆ ತಿಳಿಯದ ಕಾರಣ ಅವನ್ನೂ ಕಾಣದ ಎಲೆಗಳ ಲೆಕ್ಕಕ್ಕೇ ಸೇರಿಸಲಾಗುತ್ತದೆ.

ಈಗ ಬೆಲೆ. ರಾಶಿಯಲ್ಲಿ 800 ಬಿಲ್ಲೆಗಳಿವೆ, ಎದುರಾಳಿ 400 ಕಟ್ಟುತ್ತಾನೆ. ರಾಶಿ 1200 ಆಯಿತು. ಆಟಗಾರ 400 ಹಾಕಿದರೆ ಒಟ್ಟು 1600. ನಾನೂರನ್ನು 1600ರಿಂದ ಭಾಗಿಸಿದರೆ ಶೇ 25. ಬೇಕಾದದ್ದು ಶೇ 25, ಇರುವುದು ಶೇ 19.6. ಎಲೆ ಕೆಳಗಿಡುವುದೇ ಸರಿ.

ಹಾಗಿದ್ದೂ ಕಾಲ್ ಮಾಡಿದರೆ ಏನಾಗುತ್ತದೆ? ಇಂಥದೇ ಸನ್ನಿವೇಶ 46 ಸಲ ಬಂದರೆ, ಸರಾಸರಿಯಲ್ಲಿ 9 ಸಲ 1200 ಬಿಲ್ಲೆ ಗೆದ್ದು 10,800 ಬರುತ್ತದೆ. ಉಳಿದ 37 ಸಲ 400 ಸೋತು 14,800 ಹೋಗುತ್ತದೆ. ನಿವ್ವಳ ನಷ್ಟ 4,000, ಅಂದರೆ ಪ್ರತಿ ಕಾಲ್‌ಗೆ ಸುಮಾರು 87 ಬಿಲ್ಲೆ. ಒಮ್ಮೆ ಇಸ್ಪೀಟು ಬಿದ್ದು ರಾಶಿ ಬಾಚಿಕೊಂಡವನಿಗೆ ಈ 87 ಕಾಣುವುದಿಲ್ಲ.

ಅದೇ ಎದುರಾಳಿ 400ರ ಬದಲು 200 ಕಟ್ಟಿದ್ದರೆ ಚಿತ್ರ ಬದಲಾಗುತ್ತಿತ್ತು. ಆಗ 200 ಹಾಕಿ 1200ರ ರಾಶಿಗೆ ಕೈ ಚಾಚಿದಂತೆ. ಬೇಕಾದ ಸಾಧ್ಯತೆ ಶೇ 16.7. ಇರುವ ಶೇ 19.6 ಅದಕ್ಕಿಂತ ಹೆಚ್ಚು. ಪ್ರತಿ ಕಾಲ್‌ಗೆ ಸರಾಸರಿ 35 ಬಿಲ್ಲೆ ಲಾಭ. ಎಲೆಗಳು ಅವೇ, ಅದೃಷ್ಟವೂ ಅದೇ. ಬದಲಾದದ್ದು ಬೆಲೆ ಮಾತ್ರ. ಕೈ ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಗೆ ಬೆಲೆ ತಿಳಿಯದೆ ಉತ್ತರವಿಲ್ಲ.

ಯಾವ ಪಣಕ್ಕೆ ಎಷ್ಟು ಸಾಧ್ಯತೆ ಬೇಕು?

ಎದುರಾಳಿ ಕಟ್ಟುವ ಪಣ, ಅದಕ್ಕೂ ಮೊದಲಿದ್ದ ರಾಶಿಯ ಎಷ್ಟು ಭಾಗ ಎಂಬುದನ್ನು ಗಮನಿಸಿದರೆ ಉತ್ತರ ಬಾಯಿಪಾಠವಾಗಿಯೇ ಸಿಗುತ್ತದೆ.

ರಾಶಿಯ ಕಾಲು ಭಾಗ: ಶೇ 16.7
ರಾಶಿಯ ಮೂರನೇ ಒಂದು ಭಾಗ: ಶೇ 20
ರಾಶಿಯ ಅರ್ಧ: ಶೇ 25
ರಾಶಿಯ ಮೂರನೇ ಎರಡು ಭಾಗ: ಶೇ 28.6
ರಾಶಿಯಷ್ಟೇ ಪಣ: ಶೇ 33.3
ರಾಶಿಯ ಎರಡು ಪಟ್ಟು: ಶೇ 40

ಎದುರಾಳಿ ಎಷ್ಟೇ ದೊಡ್ಡ ಪಣ ಕಟ್ಟಿದರೂ ಬೇಕಾದ ಸಾಧ್ಯತೆ ಶೇ 50 ದಾಟುವುದಿಲ್ಲ ಎಂಬುದು ಇಲ್ಲಿ ಗಮನಾರ್ಹ. ಎದುರಾಳಿ ಹಾಕಿದ್ದೂ ರಾಶಿಗೇ ಸೇರುವುದರಿಂದ, ಕಾಲ್ ಮಾಡುವವನು ಸದಾ ತಾನು ಹಾಕುವುದಕ್ಕಿಂತ ಹೆಚ್ಚಿನದಕ್ಕೆ ಆಡುತ್ತಿರುತ್ತಾನೆ.

ಎರಡು ಮತ್ತು ನಾಲ್ಕರ ಸೂತ್ರ

ಮೇಜಿನ ಮುಂದೆ ಕುಳಿತು 9ನ್ನು 46ರಿಂದ ಭಾಗಿಸುವುದು ಎಲ್ಲರಿಗೂ ಸುಲಭವಲ್ಲ. ಅದಕ್ಕಾಗಿ ಆಟಗಾರರು ಒಂದು ಅಡ್ಡದಾರಿ ಕಂಡುಕೊಂಡಿದ್ದಾರೆ. ಇನ್ನು ಒಂದೇ ಎಲೆ ಬರುವುದಿದ್ದರೆ ಔಟ್ಸ್ ಸಂಖ್ಯೆಯನ್ನು 2ರಿಂದ ಗುಣಿಸಬೇಕು. ಎರಡು ಎಲೆ ಬರುವುದಿದ್ದು, ಅಲ್ಲಿಯವರೆಗೆ ಮತ್ತೆ ಹಣ ಹಾಕಬೇಕಿಲ್ಲದಿದ್ದರೆ 4ರಿಂದ ಗುಣಿಸಬೇಕು. ಸಿಗುವುದು ಸರಿಸುಮಾರು ಶೇಕಡಾ.

ಫ್ಲಷ್‌ಗೆ ಒಂದು ಎಲೆ ಕಡಿಮೆ, 9 ಔಟ್ಸ್: ಒಂದು ಎಲೆಗೆ ಶೇ 19.6, ಎರಡು ಎಲೆಗೆ ಶೇ 35
ಎರಡೂ ತುದಿ ತೆರೆದ ಸೀಕ್ವೆನ್ಸ್, 8 ಔಟ್ಸ್: ಒಂದು ಎಲೆಗೆ ಶೇ 17.4, ಎರಡು ಎಲೆಗೆ ಶೇ 31.5
ನಡುವಿನ ಎಲೆಗಾಗಿ ಕಾಯುವ ಸೀಕ್ವೆನ್ಸ್, 4 ಔಟ್ಸ್: ಒಂದು ಎಲೆಗೆ ಶೇ 8.7, ಎರಡು ಎಲೆಗೆ ಶೇ 16.5

ಇಲ್ಲಿಯೇ ಹೊಸಬರು ಎಡವುತ್ತಾರೆ. ಎರಡು ಎಲೆ ಬಾಕಿ ಇರುವಾಗ ಶೇ 35 ಎಂದು ಎಣಿಸಿ ಕಾಲ್ ಮಾಡುತ್ತಾರೆ. ಮುಂದಿನ ಎಲೆ ಬಿದ್ದ ಮೇಲೆ ಎದುರಾಳಿ ಮತ್ತೆ ಪಣ ಕಟ್ಟುತ್ತಾನೆ, ಮತ್ತೆ ಹಣ ಹಾಕಬೇಕಾಗುತ್ತದೆ. ಎರಡು ಎಲೆಗಳ ಸಾಧ್ಯತೆಯನ್ನು ಒಂದೇ ಎಲೆಯ ಬೆಲೆಯೊಂದಿಗೆ ಹೋಲಿಸಿದಾಗ ಲೆಕ್ಕ ಸದಾ ಆಸೆಯ ಕಡೆಗೇ ವಾಲುತ್ತದೆ.

ಲೆಕ್ಕಕ್ಕೆ ಬೇಕಾದ ತಿದ್ದುಪಡಿಗಳು

ಮೊದಲನೆಯದು, ಎಲ್ಲ ಔಟ್ಸ್ ಒಂದೇ ಬೆಲೆಯವಲ್ಲ. ಮೇಲಿನ ಉದಾಹರಣೆಯಲ್ಲಿ ಇಸ್ಪೀಟಿನ ಒಂಬತ್ತು ಬಿದ್ದರೆ ಆಟಗಾರನಿಗೆ ಫ್ಲಷ್ ಆಗುತ್ತದೆ, ಆದರೆ ಮೇಜಿನ ಮೇಲೆ ಒಂಬತ್ತರ ಜೋಡಿಯೂ ಆಗುತ್ತದೆ. ಎದುರಾಳಿಯ ಕೈಯಲ್ಲಿ ರಾಜ ಮತ್ತು ಒಂಬತ್ತು ಇದ್ದರೆ ಅವನದು ‘ಫುಲ್ ಹೌಸ್’, ಫ್ಲಷ್‌ಗಿಂತ ದೊಡ್ಡದು. ಎದುರಾಳಿಯ ಬಳಿ ಇಸ್ಪೀಟಿನ ಎಕ್ಕ ಮತ್ತು ರಾಣಿ ಇದ್ದರಂತೂ ಇಸ್ಪೀಟು ಬಂದಷ್ಟೂ ನಷ್ಟವೇ. ಅನುಭವಿಗಳು ಇಂಥ ಸಂದೇಹದ ಎಲೆಗಳನ್ನು ಕಳೆದು 9ರ ಬದಲು 7 ಎಂದೇ ಎಣಿಸುತ್ತಾರೆ.

ಎರಡನೆಯದು, ಮುಂದೆ ಬರಬಹುದಾದ ಹಣ. ಫ್ಲಷ್ ಆದ ಮೇಲೆ ಎದುರಾಳಿ ಇನ್ನಷ್ಟು ಹಣ ಕೊಡುವ ಸಂಭವವಿದ್ದರೆ ಈಗಿನ ದುಬಾರಿ ಕಾಲ್ ಕೂಡ ಸರಿಹೋಗಬಹುದು. ಇದನ್ನು ‘ಇಂಪ್ಲೈಡ್ ಆಡ್ಸ್’ ಎನ್ನುತ್ತಾರೆ. ಮೇಲಿನ 400ರ ಕಾಲ್ ನಷ್ಟವಾಗದಿರಲು, ಗೆದ್ದ ಪ್ರತಿ ಸಲವೂ ಎದುರಾಳಿಯಿಂದ ಸರಾಸರಿ ಇನ್ನೂ 445 ಬಿಲ್ಲೆ ಬರಬೇಕು. ಮೂರನೇ ಇಸ್ಪೀಟು ಮೇಜಿನ ಮೇಲೆ ಬಿದ್ದದ್ದನ್ನು ಕಂಡೂ ಎದುರಾಳಿ ಅಷ್ಟು ಕೊಡುವನೇ? ಕೊಡಬಹುದು ಎಂಬ ನಂಬಿಕೆ ಅಗ್ಗವಾಗಿ ಸಿಗುತ್ತದೆ, 445 ಬಿಲ್ಲೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಮೂರನೆಯದು, ಆಟ ನಡೆಸುವವನ ಪಾಲು. ಪ್ರತಿ ರಾಶಿಯಿಂದ ಶೇ 5 ತೆಗೆದುಕೊಳ್ಳುವ ಮೇಜಿನಲ್ಲಿ 1600ರ ರಾಶಿ ಗೆದ್ದವನ ಕೈಗೆ 1520 ಆಗಿ ಬರುತ್ತದೆ. ಬೇಕಾದ ಸಾಧ್ಯತೆ ಶೇ 25ರಿಂದ 26.3ಕ್ಕೆ ಏರುತ್ತದೆ. ಒಂದು ಕೈಯಲ್ಲಿ ಅಲ್ಪವೆನಿಸುವ ಈ ವ್ಯತ್ಯಾಸ ನೂರಾರು ಕೈಗಳಲ್ಲಿ ಲಾಭವನ್ನೇ ನುಂಗಿಬಿಡುತ್ತದೆ.

ಹಾಕಿದ ಹಣ ಯಾರದು?

ಈ ಲೆಕ್ಕದಲ್ಲಿ ಅತ್ಯಂತ ಕಠಿಣವಾದ ಪಾಠ ಗಣಿತಕ್ಕೆ ಸೇರಿದ್ದಲ್ಲ, ಮನಸ್ಸಿಗೆ ಸೇರಿದ್ದು. ಈಗಾಗಲೇ ರಾಶಿಗೆ ಹಾಕಿದ ಹಣ ಆಟಗಾರನದಲ್ಲ. ಅದು ರಾಶಿಯದು. ‘ಇಷ್ಟು ಹಾಕಿದ್ದೇನೆ, ಈಗ ಬಿಟ್ಟರೆ ಹೇಗೆ’ ಎಂಬ ಮಾತಿಗೆ ಸೂತ್ರದಲ್ಲಿ ಸ್ಥಾನವೇ ಇಲ್ಲ. ಭಾಗಿಸುವಾಗ ಮೇಲೆ ಬರುವುದು ಇನ್ನು ಹಾಕಬೇಕಾದ ಹಣ ಮಾತ್ರ.

ಇಸ್ಪೀಟು ಮುಟ್ಟದವರಿಗೂ ಈ ಪ್ರಶ್ನೆ ಹೊಸತಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರನ್ನು ನಂಬಿರುವ ಸುರಪುರ, ಶಹಾಪುರ ಭಾಗದಲ್ಲಿ ಕಾಲುವೆಯ ಕೊನೆಯಂಚಿನ ಭತ್ತದ ಬೆಳೆಗಾರನನ್ನು ಉದಾಹರಣೆಯಾಗಿ ಊಹಿಸಿಕೊಳ್ಳಬಹುದು. ಎಕರೆಗೆ ಈಗಾಗಲೇ 25 ಸಾವಿರ ರೂಪಾಯಿ ಖರ್ಚಾಗಿದೆ, ತೆನೆ ಕಟ್ಟುವ ಹೊತ್ತಿಗೆ ನೀರು ತಲುಪುತ್ತಿಲ್ಲ. ಪಂಪ್‌ಸೆಟ್ ಬಾಡಿಗೆಗೆ ತಂದು ಬೇರೆಡೆಯಿಂದ ನೀರು ಹಾಯಿಸಲು ಇನ್ನೂ 6 ಸಾವಿರ ಬೇಕು. ಬೆಳೆ ಉಳಿದರೆ ಕಟಾವಿನ ಖರ್ಚು ಕಳೆದು 40 ಸಾವಿರ ಕೈಸೇರುತ್ತದೆ, ಉಳಿಯದಿದ್ದರೆ ಏನೂ ಇಲ್ಲ.

ಆರು ಸಾವಿರವನ್ನು 40 ಸಾವಿರದಿಂದ ಭಾಗಿಸಿದರೆ ಶೇ 15. ಬೆಳೆ ಉಳಿಯುವ ಸಾಧ್ಯತೆ ಅದಕ್ಕಿಂತ ಹೆಚ್ಚು ಎಂದು ಅನುಭವ ಹೇಳಿದರೆ ನೀರು ಹಾಯಿಸುವುದು ಸರಿ. ಅದೇ ಕೆಲಸಕ್ಕೆ 15 ಸಾವಿರ ಬೇಕೆಂದಾದರೆ ಬೇಕಾದ ಸಾಧ್ಯತೆ ಶೇ 37.5ಕ್ಕೆ ಏರುತ್ತದೆ, ಉಳಿಯುವ ಸಾಧ್ಯತೆ ಮೂರರಲ್ಲಿ ಒಂದೇ ಇದ್ದರೆ ಬಿಡುವುದೇ ಲೇಸು. ಎರಡೂ ಲೆಕ್ಕಗಳಲ್ಲಿ ಮೊದಲಿನ 25 ಸಾವಿರ ಎಲ್ಲಿಯೂ ಬರಲಿಲ್ಲ. ಅದು 10 ಸಾವಿರವೇ ಆಗಿದ್ದರೂ, 50 ಸಾವಿರವೇ ಆಗಿದ್ದರೂ ಉತ್ತರ ಬದಲಾಗದು.

ಬೇಸಾಯ ಜೂಜಲ್ಲ. ರೈತನ ದುಡಿಮೆ ಬೆಳೆ ಉಳಿಯುವ ಸಾಧ್ಯತೆಯನ್ನೇ ಹೆಚ್ಚಿಸುತ್ತದೆ. ಇಸ್ಪೀಟಿನ ಎಲೆಯನ್ನು ಬೆವರು ಬದಲಿಸದು. ಆದರೆ ಕಳೆದುಹೋದ ಹಣದ ಹಿಂದೆ ಹೊಸ ಹಣ ಕಳಿಸುವ ಮನಸ್ಸು ಎರಡೂ ಕಡೆ ಒಂದೇ. ಸಾಲದ ಕಥೆಗಳು ಬಹುತೇಕ ಅಲ್ಲಿಂದಲೇ ಆರಂಭವಾಗುತ್ತವೆ.

ತೀನ್ ಪತ್ತಿಯಲ್ಲಿ ಇದೇ ಲೆಕ್ಕ

ಮೂರೆಲೆಯ ಆಟದಲ್ಲಿ ಎಲೆ ಹಂಚಿದ ಮೇಲೆ ಹೊಸ ಎಲೆ ಬರುವುದಿಲ್ಲ. ಆದ್ದರಿಂದ ಔಟ್ಸ್ ಎಣಿಸುವ ಪ್ರಶ್ನೆಯಿಲ್ಲ. ಎದುರಾಳಿಯ ಕೈಗಿಂತ ತನ್ನದು ದೊಡ್ಡದಿರುವ ಸಾಧ್ಯತೆ ಎಷ್ಟು ಎಂಬುದಷ್ಟೇ ಪ್ರಶ್ನೆ. 52 ಎಲೆಗಳಿಂದ ಮೂರೆಲೆಯ ಕೈಗಳು ಒಟ್ಟು 22,100 ಆಗುತ್ತವೆ. ಅವುಗಳ ಹಂಚಿಕೆ ಹೀಗಿದೆ.

ಮೂರೂ ಒಂದೇ ಸಂಖ್ಯೆ, ಟ್ರಯಲ್: 52 ಕೈ, ಶೇ 0.24
ಒಂದೇ ಜಾತಿಯ ಸೀಕ್ವೆನ್ಸ್: 48 ಕೈ, ಶೇ 0.22
ಸೀಕ್ವೆನ್ಸ್: 720 ಕೈ, ಶೇ 3.26
ಕಲರ್: 1,096 ಕೈ, ಶೇ 4.96
ಜೋಡಿ: 3,744 ಕೈ, ಶೇ 16.94
ಏನೂ ಇಲ್ಲದ ಕೈ: 16,440, ಶೇ 74.39

ನಾಲ್ಕರಲ್ಲಿ ಸುಮಾರು ಮೂರು ಕೈಗಳಲ್ಲಿ ಜೋಡಿ ಕೂಡ ಇರುವುದಿಲ್ಲ ಎಂಬುದು ಅನೇಕರಿಗೆ ಅಚ್ಚರಿ ತರಬಹುದು. ಕೊನೆಗೆ ಇಬ್ಬರೇ ಉಳಿದು, ರಾಶಿಯಲ್ಲಿ 360 ಬಿಲ್ಲೆಗಳಿದ್ದು, ‘ಶೋ’ ಕೇಳಲು 40 ಹಾಕಬೇಕಾಗಿದೆ ಎನ್ನೋಣ. ನಲವತ್ತನ್ನು 400ರಿಂದ ಭಾಗಿಸಿದರೆ ಶೇ 10. ಎದುರಾಳಿ ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಸಲ ಸುಳ್ಳು ಧೈರ್ಯ ತೋರುವವನಾದರೆ ಸಾಧಾರಣ ಕೈಯಲ್ಲೂ ಶೋ ಕೇಳುವುದು ಸರಿ. ಆದರೆ ಎದುರಾಳಿ ಎಂಥವನು ಎಂಬುದನ್ನು ಯಾವ ಸೂತ್ರವೂ ಹೇಳದು. ಲೆಕ್ಕ ಎಷ್ಟು ಬೇಕು ಎಂದು ಹೇಳುತ್ತದೆ, ಎಷ್ಟು ಇದೆ ಎಂಬುದನ್ನು ಆಟಗಾರನೇ ಅಂದಾಜಿಸಬೇಕು.

ಮಟ್ಕಾಗೆ ಹಿಡಿದ ಅಳತೆಗೋಲು

ಈಗ ಒಂದು ರೂಪಾಯಿಗೆ 80 ರೂಪಾಯಿಯ ಮಾತಿಗೆ ಬರಬಹುದು. ಮುಂಬೈನಲ್ಲಿ ನ್ಯೂಯಾರ್ಕ್ ಹತ್ತಿ ಪೇಟೆಯ ಆರಂಭದ ಮತ್ತು ಮುಕ್ತಾಯದ ದರಗಳ ಮೇಲೆ ಬಾಜಿ ಕಟ್ಟುವುದರಿಂದ ಹುಟ್ಟಿದ ಆಟವಿದು. ಹಳೇ ಮೈಸೂರು ಭಾಗದಲ್ಲಿ ಇದಕ್ಕಿರುವ ‘ಓಸಿ’ ಎಂಬ ಹೆಸರು ಓಪನ್-ಕ್ಲೋಸ್ ಎಂಬುದರ ಸಂಕ್ಷೇಪ. ದರಗಳು ಬರುವುದು ನಿಂತ ಮೇಲೆ 1960ರ ದಶಕದಲ್ಲಿ ಸಂಖ್ಯೆಯ ಚೀಟಿಗಳನ್ನು ಮಡಕೆಯಿಂದ ಎತ್ತುವ ಪದ್ಧತಿ ಬಂದು, ಆಟಕ್ಕೆ ಮಟ್ಕಾ ಎಂಬ ಹೆಸರು ನಿಂತಿತು.

ಎರಡಂಕಿಯ ಜೋಡಿ ನಂಬರ್‌ಗಳು 00ಯಿಂದ 99ರವರೆಗೆ ನೂರು. ಗೆಲ್ಲುವುದು ಒಂದು. ಸಂಖ್ಯೆಯನ್ನು ಪ್ರಾಮಾಣಿಕವಾಗಿಯೇ ತೆಗೆದರೂ ಸಾಧ್ಯತೆ ಶೇ 1. ಒಂದು ರೂಪಾಯಿಗೆ 80 ಎಂದರೆ ಬೇಕಾದ ಸಾಧ್ಯತೆ ಶೇ 1.25. ಕೆಲವೆಡೆ 90 ಕೊಡುವುದಾಗಿ ಹೇಳಲಾಗುತ್ತದೆ. ಆಗಲೂ ಶೇ 1.11 ಬೇಕು. ಒಬ್ಬನೇ ವ್ಯಕ್ತಿ ನೂರು ನಂಬರ್‌ಗಳಿಗೂ ತಲಾ ಒಂದು ರೂಪಾಯಿ ಹಾಕಿದರೆ ಖರ್ಚು 100, ಖಂಡಿತವಾಗಿ ಗೆದ್ದು ವಾಪಸು ಬರುವುದು 80. ಗೆದ್ದೂ ಸೋಲುವ ಆಟವಿದು.

ದಿನಕ್ಕೆ 100 ರೂಪಾಯಿಯಂತೆ 300 ದಿನ ಆಡುವವನು 30 ಸಾವಿರ ಹಾಕುತ್ತಾನೆ. ಸರಾಸರಿಯಲ್ಲಿ ಅದರಲ್ಲಿ 6 ಸಾವಿರ ನಂಬರ್ ಬರೆಸಿಕೊಳ್ಳುವವರ ಪಾಲಾಗುತ್ತದೆ. ‘ನೂರು ದಿನ ಆಡಿದರೆ ಒಮ್ಮೆಯಾದರೂ ಹೊಡೆಯಲೇಬೇಕು’ ಎಂಬ ನಂಬಿಕೆಯೂ ತಪ್ಪು. ನೂರು ದಿನ ದಿನಕ್ಕೊಂದು ನಂಬರ್ ಹಿಡಿದರೂ ಒಮ್ಮೆಯೂ ಗೆಲ್ಲದಿರುವ ಸಾಧ್ಯತೆ ಶೇ 36.6. ನಿನ್ನೆ ಬಾರದ ನಂಬರ್‌ಗೆ ಇಂದು ಬರಬೇಕಾದ ಋಣವೇನೂ ಇಲ್ಲ.

ಅಂದರ್-ಬಾಹರ್ ಸಮಬಲದ ಆಟದಂತೆ ಕಾಣುತ್ತದೆ. ಆದರೆ ಮೊದಲ ಎಲೆ ಬೀಳುವ ಕಡೆಗೆ ಗೆಲುವಿನ ಸಾಧ್ಯತೆ ಸುಮಾರು ಶೇ 51.5, ಇನ್ನೊಂದು ಕಡೆಗೆ ಶೇ 48.5. ಕ್ಯಾಸಿನೊಗಳು ಸಾಮಾನ್ಯವಾಗಿ ಮೊದಲ ಕಡೆಗೆ 100ಕ್ಕೆ 90, ಇನ್ನೊಂದು ಕಡೆಗೆ 100ಕ್ಕೆ 100 ಲಾಭ ಕೊಡುತ್ತವೆ. ಮೊದಲನೆಯದಕ್ಕೆ ಬೇಕಾದದ್ದು ಶೇ 52.6, ಇರುವುದು 51.5. ಎರಡನೆಯದಕ್ಕೆ ಬೇಕಾದದ್ದು ಶೇ 50, ಇರುವುದು 48.5. ಎರಡೂ ಬಾಗಿಲುಗಳಲ್ಲಿ ಹೊಸ್ತಿಲು ಒಂದಿಂಚು ಎತ್ತರ.

ಪೋಕರ್‌ಗೂ ಈ ಆಟಗಳಿಗೂ ಇರುವ ವ್ಯತ್ಯಾಸ ಇಲ್ಲಿದೆ. ಪೋಕರ್‌ನಲ್ಲಿ ಬೆಲೆ ಪ್ರತಿ ಕೈಗೂ ಬದಲಾಗುತ್ತದೆ. ಸರಿಯಾದ ಬೆಲೆ ಬಂದಾಗ ಆಡಿ, ಬಾರದಾಗ ಸುಮ್ಮನಿರಬಹುದು. ಮಟ್ಕಾದಲ್ಲಿ ಸರಿಯಾದ ಬೆಲೆಯ ದಿನ ಎಂದಿಗೂ ಬರುವುದಿಲ್ಲ. ಅಲ್ಲಿ ಲೆಕ್ಕ ಸೂಚಿಸುವ ಉತ್ತರ ಪ್ರತಿದಿನವೂ ಒಂದೇ: ಪ್ಯಾಕ್.

ಲೆಕ್ಕದ ಹಿನ್ನೆಲೆ

ಅರ್ಧದಲ್ಲೇ ನಿಂತ ಆಟದ ಪಣವನ್ನು ಇಬ್ಬರು ಹೇಗೆ ಹಂಚಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ಹಿಡಿದು 1654ರಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಮತ್ತು ಪಿಯರೆ ಡಿ ಫರ್ಮಾ ಪತ್ರ ವ್ಯವಹಾರ ನಡೆಸಿದರು. ಸಂಭವನೀಯತೆಯ ಗಣಿತ ಬೆಳೆದದ್ದು ಆ ಪತ್ರಗಳಿಂದ. ವಿಮಾ ಕಂತಿನ ಲೆಕ್ಕವೂ ಅದೇ ಬುಡದ ಕೊಂಬೆ. ಪೋಕರ್‌ಗೆ ಇದನ್ನು ವ್ಯವಸ್ಥಿತವಾಗಿ ಅನ್ವಯಿಸಿದವರಲ್ಲಿ ಅಮೆರಿಕದ ಡೇವಿಡ್ ಸ್ಕ್ಲಾನ್‌ಸ್ಕಿ ಪ್ರಮುಖರು. ಅವರ ‘ದಿ ಥಿಯರಿ ಆಫ್ ಪೋಕರ್’ 1987ರಲ್ಲಿ ಈ ಹೆಸರಿನಲ್ಲಿ ಹೊರಬಂತು.

ಭಾರತೀಯರಿಗೆ ಇದಕ್ಕೂ ಹಳೆಯ ನೆನಪೊಂದಿದೆ. ಕನಕದಾಸರ ‘ನಳಚರಿತ್ರೆ’ಯ ಮೂಲಕ ಕನ್ನಡಿಗರಿಗೆ ಪರಿಚಿತನಾದ ನಳ ಜೂಜಿನಲ್ಲಿ ರಾಜ್ಯ ಕಳೆದುಕೊಂಡವನು. ಮಹಾಭಾರತದ ಕಥೆಯಲ್ಲಿ ಋತುಪರ್ಣ ರಾಜನು ರಥದಲ್ಲಿ ಸಾಗುತ್ತಲೇ ತಾರೆ ಮರದ ಎಲೆ, ಕಾಯಿಗಳ ಸಂಖ್ಯೆ ಹೇಳುತ್ತಾನೆ. ಬಳಿಕ ನಳನಿಗೆ ಅಕ್ಷಹೃದಯ ಎಂಬ ಪಗಡೆಯ ವಿದ್ಯೆಯನ್ನು ಕಲಿಸುತ್ತಾನೆ. ಎಣಿಕೆಯ ವಿದ್ಯೆ ಮತ್ತು ದಾಳದ ವಿದ್ಯೆ ಒಬ್ಬನ ಬಳಿಯೇ ಇರುವುದು ಆ ಕಥೆಯ ವಿಶೇಷ.

ಕಾನೂನು ಏನು ಹೇಳುತ್ತದೆ?

ಕರ್ನಾಟಕದಲ್ಲಿ ಜೂಜಿಗೆ ಅನ್ವಯವಾಗುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಮಟ್ಕಾ ಪ್ರಕರಣಗಳು ಅದರ 78ನೇ ಕಲಂ ಅಡಿ, ಸಾರ್ವಜನಿಕ ಸ್ಥಳದ ಅಂದರ್-ಬಾಹರ್ ಪ್ರಕರಣಗಳು ಸಾಮಾನ್ಯವಾಗಿ 87ನೇ ಕಲಂ ಅಡಿ ದಾಖಲಾಗುತ್ತವೆ. ಕೌಶಲದ ಆಟಗಳಿಗೆ 176ನೇ ಕಲಂ ವಿನಾಯಿತಿ ನೀಡುತ್ತದೆ.

ಕೌಶಲ ಯಾವುದು, ಅದೃಷ್ಟ ಯಾವುದು ಎಂಬ ವಾದ ಹಳೆಯದು. ಬೆಂಗಳೂರಿನಿಂದ ಪ್ರಕಟವಾಗುತ್ತಿದ್ದ ಪತ್ರಿಕೆಯೊಂದರ ಮೂಲಕ ನಡೆಯುತ್ತಿದ್ದ ಬಹುಮಾನದ ಸ್ಪರ್ಧೆಗೆ ಸಂಬಂಧಿಸಿದ ಚಮರಬಾಗ್‌ವಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1957ರಲ್ಲಿ, ಜೂಜಿಗೆ ವ್ಯಾಪಾರದ ರಕ್ಷಣೆ ಇಲ್ಲವೆಂದಿತು. 1968ರ ಸತ್ಯನಾರಾಯಣ ಪ್ರಕರಣದಲ್ಲಿ ರಮ್ಮಿಯಲ್ಲಿ ಕೌಶಲವೇ ಪ್ರಧಾನವೆಂದೂ, ಮೂರೆಲೆಯ ಆಟದಂತೆ ಅದು ಪೂರ್ತಿ ಅದೃಷ್ಟದ್ದಲ್ಲವೆಂದೂ ಹೇಳಿತು. ಪೋಕರ್ ಬಗ್ಗೆ ಹೈಕೋರ್ಟ್‌ಗಳ ನಿಲುವು ಒಂದೇ ಆಗಿರಲಿಲ್ಲ. ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿ ಬೇಕಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದರೆ, ಗುಜರಾತ್ ಹೈಕೋರ್ಟ್ 2017ರಲ್ಲಿ ಅದನ್ನು ಜೂಜೆಂದೇ ಪರಿಗಣಿಸಿತು.

ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಅದರ ಪ್ರಮುಖ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕೇಂದ್ರ ಕಾಯ್ದೆ ಈ ವಾದದ ನೆಲೆಯನ್ನೇ ಬದಲಿಸಿತು. ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ನಡೆಸುವುದನ್ನು ಅದು ನಿಷೇಧಿಸುತ್ತದೆ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಆ ತಿಂಗಳಲ್ಲೇ ದೊಡ್ಡ ಪೋಕರ್ ಮತ್ತು ರಮ್ಮಿ ತಾಣಗಳು ಹಣದ ಆಟಗಳನ್ನು ನಿಲ್ಲಿಸಿದವು. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕ ಸೇರಿದಂತೆ ವಿವಿಧ ಹೈಕೋರ್ಟ್‌ಗಳಿಗೆ ಸಲ್ಲಿಕೆಯಾದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ತನಗೆ ವರ್ಗಾಯಿಸಿಕೊಂಡಿತು.

ಲೆಕ್ಕದ ಮಿತಿ

ಪಾಟ್ ಆಡ್ಸ್ ಹೇಳುವುದು ಸರಾಸರಿಯ ಮಾತು. ಸರಾಸರಿ ಎಂಬುದು ನೂರಾರು ಕೈಗಳ ನಂತರ ಕಾಣುವ ವಸ್ತು. ಶೇ 19.6ರ ಸರಿಯಾದ ಕಾಲ್ ಕೂಡ ಐದರಲ್ಲಿ ನಾಲ್ಕು ಸಲ ಸೋಲುತ್ತದೆ. ಆ ನಾಲ್ಕು ಸೋಲುಗಳನ್ನು ತಾಳಿಕೊಳ್ಳುವ ಶಕ್ತಿ ಇಲ್ಲದವನಿಗೆ ಐದನೆಯ ಗೆಲುವು ಇದ್ದೂ ಇಲ್ಲದಂತೆ. ಮನೆ ಬಾಡಿಗೆ, ಮಕ್ಕಳ ಶುಲ್ಕ, ಬಿತ್ತನೆ ಬೀಜದ ದುಡ್ಡು ಮೇಜಿಗೆ ಬಂದಾಗ ಬೇಕಾದ ಸಾಧ್ಯತೆಯ ಪ್ರಶ್ನೆಯೇ ಏಳುವುದಿಲ್ಲ. ಸೋತರೆ ಆಗುವ ಹಾನಿ ರಾಶಿಯ ಅಳತೆಗೆ ಸಿಗುವಂಥದ್ದಲ್ಲ. ಆಟದ ಚಟದಿಂದ ಹೊರಬರಲಾಗದೆ ಸಂಕಟದಲ್ಲಿರುವವರು ಸರ್ಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೂ ಸಲಹೆ ಪಡೆಯಬಹುದು.

ಮುಖ್ಯಾಂಶಗಳು

* ಈಗ ಹಾಕಬೇಕಾದ ಹಣವನ್ನು ಹಾಕಿದ ನಂತರದ ಒಟ್ಟು ರಾಶಿಯಿಂದ ಭಾಗಿಸಿದರೆ ಬೇಕಾದ ಕನಿಷ್ಠ ಸಾಧ್ಯತೆ ಸಿಗುತ್ತದೆ.
* ಒಂದು ಎಲೆ ಬಾಕಿ ಇದ್ದರೆ ಔಟ್ಸ್ ಅನ್ನು 2ರಿಂದ, ಮತ್ತೆ ಪಣ ಕಟ್ಟಬೇಕಿಲ್ಲದೆ ಎರಡು ಎಲೆ ಬಾಕಿ ಇದ್ದರೆ 4ರಿಂದ ಗುಣಿಸಿ ಇರುವ ಸಾಧ್ಯತೆ ಅಂದಾಜಿಸಬಹುದು.
* ಇರುವುದು ಬೇಕಾದದ್ದಕ್ಕಿಂತ ಕಡಿಮೆಯಾದರೆ ಎಲೆ ಕೆಳಗಿಡಬೇಕು.
* ಈಗಾಗಲೇ ಹಾಕಿದ ಹಣ ಲೆಕ್ಕಕ್ಕೆ ಬರುವುದಿಲ್ಲ.
* ಮಟ್ಕಾದ ಜೋಡಿಗೆ ಬೇಕಾದದ್ದು ಶೇ 1.25, ಇರುವುದು ಶೇ 1. ಯಾವ ದಿನವೂ, ಯಾವ ನಂಬರಿಗೂ ಈ ಅಂತರ ತುಂಬುವುದಿಲ್ಲ.